ಅಂಗೈಯ ತೆರೆ, ಮೆಸ್ಸಿನ ತಟ್ಟೆ

ಕ್ರೀಡಾಪಟುಗಳಿಗೆ ಪೋಷಣೆಯ ಪಾಠ ಹೇಳುವ ಆ್ಯಪ್ ಕಟ್ಟಲು ಹೊರಟವರೆಲ್ಲ ಮೊದಲು ಓದಬೇಕಾದ ಅಧ್ಯಯನವೊಂದು 2019ರಲ್ಲಿ ಫಿನ್ಲೆಂಡಿನಿಂದ ಬಂತು. ದಮ್ಮು ಬೇಡುವ ದೀರ್ಘ ಸ್ಪರ್ಧೆಗಳ ಯುವ ಕ್ರೀಡಾಪಟುಗಳನ್ನು ಸಂಶೋಧಕರು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಎದುರು ಕೂರಿಸಿಕೊಂಡು, ಚರ್ಚೆ, ಚಟುವಟಿಕೆಗಳ ಮೂಲಕ ಒಂದೇ ಬಗೆಯ ತರಗತಿಗಳು ನಡೆದವು. ಒಂದು ಗುಂಪಿನವರಿಗೆ ಮಾತ್ರ ತರಗತಿಯ ಜೊತೆಗೆ ಆ್ಯಪ್ ಕೊಟ್ಟರು. ತಿಂದದ್ದನ್ನು ಫೋನಿನಲ್ಲಿ ದಾಖಲಿಸಿದರೆ ಅದಕ್ಕೆ ಸಲಹೆ ಬರುತ್ತಿತ್ತು. ಕೊನೆಗೆ ಪರೀಕ್ಷೆ ಮಾಡಿ ನೋಡಿದಾಗ ಎರಡೂ ಗುಂಪಿನ ತಿಳಿವಳಿಕೆ ಹೆಚ್ಚಿತ್ತು. ಆದರೆ ಆ್ಯಪ್ ಇದ್ದವರು ಇಲ್ಲದವರಿಗಿಂತ ಹೆಚ್ಚೇನನ್ನೂ ಕಲಿತಿರಲಿಲ್ಲ.

ಇದನ್ನು ಓದಿ ಆ್ಯಪ್‌ಗಳಿಂದ ಪ್ರಯೋಜನವಿಲ್ಲ ಎಂದು ಕೈಚೆಲ್ಲಿದರೆ ದುಡುಕಾದೀತು. ಒಳ್ಳೆಯ ಶಿಕ್ಷಕರು ಎದುರು ಕೂತು ಕಲಿಸಿದ ಪಾಠವನ್ನೇ ಫೋನ್ ಮತ್ತೊಮ್ಮೆ ಒಪ್ಪಿಸಿದರೆ ಹೊಸದೇನೂ ಹುಟ್ಟುವುದಿಲ್ಲ ಎಂಬಷ್ಟನ್ನೇ ಆ ಫಲಿತಾಂಶ ಹೇಳುತ್ತದೆ. ಹಾಗಾದರೆ ಶಿಕ್ಷಕರ ಕೈಲಿ ಆಗದ, ಫೋನಿಗೆ ಸಾಧ್ಯವಾಗುವ ಕೆಲಸ ಯಾವುದು? ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಫೋನನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಹದಿನಾರರ ಒಬ್ಬ ಓಟಗಾರ್ತಿಯ ಮೈಯೊಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಓಡುವಾಗ ಸ್ನಾಯುಗಳು ಉರಿಸುವ ಮುಖ್ಯ ಇಂಧನ ಗ್ಲೈಕೋಜನ್. ಅನ್ನ, ಮುದ್ದೆ, ರೊಟ್ಟಿ, ಹಣ್ಣುಗಳಲ್ಲಿರುವ ಪಿಷ್ಟ ಮತ್ತು ಸಕ್ಕರೆಯನ್ನು ದೇಹ ಗ್ಲೂಕೋಸ್ ಆಗಿ ಒಡೆದು, ಉಳಿದದ್ದನ್ನು ಗ್ಲೈಕೋಜನ್ ರೂಪದಲ್ಲಿ ಸ್ನಾಯುಗಳಲ್ಲೂ ಪಿತ್ತಜನಕಾಂಗದಲ್ಲೂ ಕೂಡಿಡುತ್ತದೆ. ಇದು ನಮ್ಮ ಕಣಜ. ಆದರೆ ಚಿಕ್ಕ ಕಣಜ. ವಯಸ್ಕರ ಸ್ನಾಯುಗಳಲ್ಲಿ ಹೆಚ್ಚೆಂದರೆ ಅರ್ಧ ಕಿಲೋದಷ್ಟು, ಪಿತ್ತಜನಕಾಂಗದಲ್ಲಿ ನೂರು ಗ್ರಾಂನಷ್ಟು. ಕಠಿಣವಾದ ಅಭ್ಯಾಸ ಒಂದೂವರೆ, ಎರಡು ಗಂಟೆ ನಡೆದರೆ ಇದರ ಬಹುಪಾಲು ಖಾಲಿ.

ಈ ಕಣಜ ಹೇಗೆ ತುಂಬುತ್ತದೆ ಎಂಬುದನ್ನು ಕಂಡುಹಿಡಿದ ಕಥೆ ಸೊಗಸಾಗಿದೆ. 1966ರಲ್ಲಿ ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರಾಮ್ ಮತ್ತು ಎರಿಕ್ ಹಲ್ಟ್‌ಮನ್ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. ಒಂದೇ ವ್ಯಾಯಾಮದ ಸೈಕಲ್ಲಿನ ಎರಡು ಬದಿಗೆ ಇಬ್ಬರೂ ಕೂತು, ತಲಾ ಒಂದೊಂದು ಕಾಲಿನಿಂದ ಮಾತ್ರ ಪೆಡಲ್ ತುಳಿದರು. ದಣಿದು ನಿಲ್ಲುವವರೆಗೂ ತುಳಿದರು. ಮುಂದಿನ ಮೂರು ದಿನ ಪಿಷ್ಟ ತುಂಬಿದ ಊಟ. ದಪ್ಪ ಸೂಜಿಯಿಂದ ಎರಡೂ ತೊಡೆಗಳ ಸ್ನಾಯುವಿನ ಚೂರು ತೆಗೆದು ನೋಡಿದರೆ, ದಣಿದ ಕಾಲಿನಲ್ಲಿ ಸೇರಿದ್ದ ಗ್ಲೈಕೋಜನ್ ಸುಮ್ಮನಿದ್ದ ಕಾಲಿನ ಸುಮಾರು ಎರಡರಷ್ಟು! ಎರಡೂ ಕಾಲಿಗೆ ಹರಿದದ್ದು ಒಂದೇ ರಕ್ತ, ಹೊಟ್ಟೆಗೆ ಹೋದದ್ದು ಒಂದೇ ಊಟ. ದುಡಿದ ಸ್ನಾಯು ತನ್ನ ಪಾಲನ್ನು ತಾನೇ ಹೆಚ್ಚು ಎಳೆದುಕೊಂಡಿತ್ತು.

ಹೊತ್ತಿನ ಮಹತ್ವ ಗೊತ್ತಾದದ್ದು ಇನ್ನೂ ತಡವಾಗಿ. 1988ರಲ್ಲಿ ಅಮೆರಿಕದ ಜಾನ್ ಐವಿ ಮತ್ತು ಸಂಗಡಿಗರು ಸೈಕಲ್ ಪಟುಗಳಿಗೆ ವ್ಯಾಯಾಮ ಮುಗಿದ ಕೂಡಲೇ ಪಿಷ್ಟ-ಸಕ್ಕರೆಯ ಪಾನೀಯ ಕೊಟ್ಟರು. ಇನ್ನೊಮ್ಮೆ ಎರಡು ಗಂಟೆ ಬಿಟ್ಟು ಕೊಟ್ಟರು. ತಡವಾಗಿ ಕೊಟ್ಟಾಗ ಕಣಜ ತುಂಬುವ ವೇಗ ಸುಮಾರು ಅರ್ಧಕ್ಕೆ ಇಳಿದಿತ್ತು. ದಿನಕ್ಕೆ ಒಮ್ಮೆ ಮಾತ್ರ ಅಭ್ಯಾಸ ಮಾಡುವವರು ಇದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಸಾಕಷ್ಟು ಉಂಡರೆ ವ್ಯತ್ಯಾಸ ಅಳಿಸಿಹೋಗುತ್ತದೆ. ಆದರೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಮೈದಾನಕ್ಕಿಳಿಯುವವರಿಗೆ ಆ ಎರಡು ಗಂಟೆ ಬಹಳ ದೊಡ್ಡದು.

ನಮ್ಮ ವಿದ್ಯಾರ್ಥಿ ಕ್ರೀಡಾಪಟುಗಳು ಹೆಚ್ಚಿನವರು ಈ ಎರಡನೇ ಗುಂಪಿನವರು. ಬೆಳಿಗ್ಗೆ ಐದೂವರೆಗೆ ಮೈದಾನ. ಏಳೂವರೆಗೆ ಅಭ್ಯಾಸ ಮುಗಿಸಿ, ಮೈ ತೊಳೆದು, ಬಸ್ ಹಿಡಿದು, ಮೊದಲ ಪೀರಿಯಡ್ಡಿಗೆ ಓಡಬೇಕು. ತಿಂಡಿ ಸಿಕ್ಕಿದರೆ ಒಂಬತ್ತಕ್ಕೆ, ಇಲ್ಲದಿದ್ದರೆ ನೇರ ಮಧ್ಯಾಹ್ನದ ಊಟ. ಸಂಜೆ ನಾಲ್ಕಕ್ಕೆ ಮತ್ತೆ ಮೈದಾನ. ಆಗ ಕಾಲು ಭಾರ, ತಲೆ ಮಂಕು. ಕೋಚ್‌ಗೆ ಇದು ಸೋಮಾರಿತನವಾಗಿ ಕಾಣಬಹುದು, ಮನೆಯವರಿಗೆ ಓದಿನ ಒತ್ತಡವಾಗಿ ಕಾಣಬಹುದು. ಹಲವು ಸಲ ಅದು ಬೆಳಿಗ್ಗೆ ತುಂಬದೆ ಉಳಿದ ಕಣಜ.

ಪರಿಹಾರ ದುಬಾರಿಯದಲ್ಲ. ಅಭ್ಯಾಸದ ನಂತರ ದೇಹತೂಕದ ಪ್ರತಿ ಕಿಲೋಗೆ ಗಂಟೆಗೆ ಒಂದು ಗ್ರಾಂನಷ್ಟು ಪಿಷ್ಟ ಅಥವಾ ಸಕ್ಕರೆ ಹೋದರೆ ತುಂಬುವಿಕೆ ಚೆನ್ನಾಗಿ ಶುರುವಾಗುತ್ತದೆ. ಐವತ್ತು ಕಿಲೋ ತೂಗುವ ಹುಡುಗಿಗೆ ಐವತ್ತು ಗ್ರಾಂ. ಪಚ್ಚಬಾಳೆಯಾದರೆ ಎರಡು ದೊಡ್ಡ ಹಣ್ಣು, ಏಲಕ್ಕಿ ಬಾಳೆಯಾದರೆ ನಾಲ್ಕೈದು, ಇಲ್ಲವೇ ಬಟ್ಟಲು ತುಂಬ ಒಗ್ಗರಣೆ ಅವಲಕ್ಕಿ. ಸ್ನಾಯುವಿನ ದುರಸ್ತಿಗೆ ಪ್ರತಿ ಕಿಲೋಗೆ 0.3 ಗ್ರಾಂನಷ್ಟು ಪ್ರೋಟೀನ್, ಎಂದರೆ ಹದಿನೈದು ಗ್ರಾಂ. ಎರಡು ಬೇಯಿಸಿದ ಮೊಟ್ಟೆ ಮತ್ತು ಅರ್ಧ ಲೋಟ ಹಾಲು, ಅಥವಾ ಎರಡು ಹಿಡಿ ಕಡಲೆಕಾಯಿ ಬೀಜದಿಂದ ಅದು ಸಿಗುತ್ತದೆ.

ಈ ವಿಷಯವನ್ನು ಒಂದು ತರಗತಿಯಲ್ಲಿ ಹೇಳಿ ಮುಗಿಸಬಹುದು. ಮಕ್ಕಳು ತಲೆಯಾಡಿಸುತ್ತಾರೆ, ಪರೀಕ್ಷೆಯಲ್ಲಿ ಸರಿಯಾಗಿ ಬರೆಯುತ್ತಾರೆ. ಮರುದಿನ ಏಳೂವರೆಗೆ ಚೀಲದಲ್ಲಿ ಬಾಳೆಹಣ್ಣು ಇರುವುದಿಲ್ಲ. ಕ್ರೀಡಾಪಟುಗಳ ಪೋಷಣೆಯ ತಿಳಿವಳಿಕೆಗೂ ಅವರು ನಿಜವಾಗಿ ತಿನ್ನುವುದಕ್ಕೂ ಇರುವ ನಂಟು ದುರ್ಬಲ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನಗಳ ಸಮೀಕ್ಷೆಯೊಂದು ತೋರಿಸಿತ್ತು. ತಿಳಿವಳಿಕೆಯೇ ಕಡಿಮೆ ಎಂಬುದೂ ನಿಜ. ಅಮೆರಿಕದ ಕಾಲೇಜುಗಳಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾಕಷ್ಟು ತಿಳಿವಳಿಕೆ ಇದ್ದ ಕ್ರೀಡಾಪಟುಗಳು ಶೇ. 9ರಷ್ಟು ಮಾತ್ರ, ಕೋಚ್‌ಗಳಲ್ಲೂ ಶೇ. 36ರಷ್ಟು. ಆದರೂ ನನ್ನ ಮಟ್ಟಿಗೆ ಮೊದಲ ಸಂಗತಿಯೇ ಹೆಚ್ಚು ಕಾಡುವಂಥದ್ದು. ಗೊತ್ತಿರುವುದು ತಟ್ಟೆಗೆ ಬರುವುದಿಲ್ಲ.

ಫೋನಿನ ಮೊದಲ ನಿಜವಾದ ಕೆಲಸ ಇಲ್ಲಿದೆ. ಅದು ಹುಡುಗಿಯ ಜೊತೆಗೇ ಇರುತ್ತದೆ, ಅದಕ್ಕೆ ಗಂಟೆ ಗೊತ್ತು, ಅಭ್ಯಾಸದ ವೇಳಾಪಟ್ಟಿ ಗೊತ್ತು. ತರಗತಿಯ ಶಿಕ್ಷಕರಿಗೆ ಈ ಮೂರೂ ಇಲ್ಲ. ಅಭ್ಯಾಸ ಮುಗಿದ ಹೊತ್ತಿಗೆ ‘ಈಗ ತಿನ್ನು’ ಎಂದು ಸಂದೇಶ ಕಳಿಸಿದರೆ ಸಾಕು ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಸ್ವಲ್ಪ ಯೋಚಿಸಿದರೆ ಆ ಸಂದೇಶ ಹನ್ನೆರಡು ಗಂಟೆ ತಡ. ಬೆಳಿಗ್ಗೆ ಐದಕ್ಕೆ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಬಾಳೆಹಣ್ಣು ಕೊಳ್ಳಬೇಕಾದದ್ದು ಹಿಂದಿನ ಸಂಜೆ, ಮೈದಾನದಿಂದ ಮನೆಗೆ ಮರಳುವ ದಾರಿಯಲ್ಲಿ. ಹಾಗಾಗಿ ಸಂಜೆ ಆರೂವರೆಗೆ ಬರುವ ‘ನಾಳೆ ಬೆಳಿಗ್ಗೆ ಅಭ್ಯಾಸ ಇದೆ, ಚೀಲಕ್ಕೆ ಏನು ಹಾಕುತ್ತೀ?’ ಎಂಬ ಪ್ರಶ್ನೆ ಬೆಳಗಿನ ಹತ್ತು ಉಪದೇಶಗಳಿಗಿಂತ ಹೆಚ್ಚು ಕೆಲಸ ಮಾಡಬಲ್ಲದು. ವಾರದ ಯಾವ ದಿನ ಅಭ್ಯಾಸವಿಲ್ಲವೋ ಆ ದಿನ ಅದು ಸುಮ್ಮನಿರಬೇಕು. ದಿನವೂ ಒಂದೇ ಮಾತು ಕೇಳಿಸುವ ಆ್ಯಪ್‌ನ ಬಾಯಿಯನ್ನು ಮಕ್ಕಳು ಬೇಗನೆ ಮುಚ್ಚಿಸುತ್ತಾರೆ.

ನೆನಪಿನ ವಿಜ್ಞಾನವೂ ಇಲ್ಲಿ ಸ್ವಲ್ಪ ನೆರವಾಗುತ್ತದೆ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದಿದ್ದರು. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ, ಕೆಲವು ದಿನ ಬಿಟ್ಟು ಪ್ರಶ್ನೆಗೆ ಉತ್ತರ ನೆನಪಿಸಿಕೊಳ್ಳುವುದರಿಂದ ಕಲಿಕೆ ಹೆಚ್ಚು ಕಾಲ ಉಳಿಯುತ್ತದೆ ಎಂಬುದು ಇಪ್ಪತ್ತೊಂದನೆಯ ಶತಮಾನದ ಪ್ರಯೋಗಗಳಲ್ಲಿ ಗಟ್ಟಿಯಾಯಿತು. ಅರ್ಧ ಗಂಟೆಯ ವಿಡಿಯೊ ಪಾಠಕ್ಕಿಂತ ಮೂರು ದಿನಕ್ಕೊಮ್ಮೆ ಬರುವ ಒಂದೇ ಒಂದು ಪ್ರಶ್ನೆ ಮೇಲು.

ಎರಡನೆಯ ಕೆಲಸ ಅಳತೆ. ಎಲ್ಲ ಆಹಾರ ಆ್ಯಪ್‌ಗಳೂ ಹೆಮ್ಮೆಯಿಂದ ತೋರಿಸುವುದು ಇದನ್ನೇ: ಇಂದು ಇಷ್ಟು ಕ್ಯಾಲೊರಿ, ಇಷ್ಟು ಪ್ರೋಟೀನ್. ಈ ಅಂಕಿಗಳನ್ನು ಎಷ್ಟು ನಂಬಬಹುದು? ಪರೀಕ್ಷಿಸಲು ಒಂದು ಜಾಣ ವಿಧಾನವಿದೆ. ಹೈಡ್ರೋಜನ್ ಮತ್ತು ಆಮ್ಲಜನಕದ ಭಾರವಾದ, ಆದರೆ ವಿಕಿರಣ ಸೂಸದ ಐಸೊಟೋಪುಗಳಿರುವ ನೀರನ್ನು ಕುಡಿಸುತ್ತಾರೆ. ಹೈಡ್ರೋಜನ್ ನೀರಿನ ರೂಪದಲ್ಲಿ ಮಾತ್ರ ಹೊರಹೋಗುತ್ತದೆ. ಆಮ್ಲಜನಕ ನೀರಿನಲ್ಲೂ ಉಸಿರಿನ ಇಂಗಾಲದ ಡೈಆಕ್ಸೈಡಿನಲ್ಲೂ ಹೋಗುತ್ತದೆ. ಮೂತ್ರವನ್ನು ಪರೀಕ್ಷಿಸಿ ಎರಡರ ಇಳಿಕೆಯ ವ್ಯತ್ಯಾಸ ಹಿಡಿದರೆ ದೇಹ ಎಷ್ಟು ಶಕ್ತಿ ಖರ್ಚು ಮಾಡಿತು ಎಂದು ತಿಳಿಯುತ್ತದೆ. ತೂಕ ಸ್ಥಿರವಾಗಿದ್ದರೆ ಅಷ್ಟನ್ನೇ ತಿಂದಿರಬೇಕು. ಈ ತಕ್ಕಡಿಯಲ್ಲಿ ಕ್ರೀಡಾಪಟುಗಳು ತಾವೇ ಬರೆದುಕೊಟ್ಟ ಊಟದ ಲೆಕ್ಕವನ್ನು ತೂಗಿದ ಅಧ್ಯಯನಗಳ ಸಮೀಕ್ಷೆ 2017ರಲ್ಲಿ ಬಂತು. ಸರಾಸರಿ ಶೇ. 19ರಷ್ಟು ಶಕ್ತಿ ಲೆಕ್ಕದಿಂದ ಬಿಟ್ಟುಹೋಗಿತ್ತು. ಯಾರೂ ಸುಳ್ಳು ಹೇಳಬೇಕೆಂದು ಹೇಳುವುದಿಲ್ಲ. ಗೆಳತಿಯ ಡಬ್ಬಿಯಿಂದ ತಿಂದ ತುತ್ತು, ಸಾರಿನ ಮೇಲೆ ತೇಲುವ ಎಣ್ಣೆ, ಎರಡನೇ ಸಲ ಬಡಿಸಿಕೊಂಡ ಅನ್ನ ನೆನಪಿನಲ್ಲಿ ಉಳಿಯುವುದಿಲ್ಲ ಅಷ್ಟೆ.

ಫೋಟೊ ತೆಗೆದು ಕಳಿಸುವ ವಿಧಾನ ಇದಕ್ಕಿಂತ ವಾಸಿ. ಅದೇ 2017ರಲ್ಲಿ ಬ್ರಿಟನ್ನಿನ ಸಂಶೋಧಕರು ಹದಿಹರೆಯದ ರಗ್ಬಿ ಆಟಗಾರರಿಂದ ಊಟದ ಚಿತ್ರಗಳನ್ನು ಫೋನಿನಲ್ಲಿ ತರಿಸಿಕೊಂಡು, ಮರೆತಾಗ ನೆನಪಿಸಿ, ಲೆಕ್ಕ ಹಾಕಿದಾಗ ವಾಸ್ತವಕ್ಕೆ ಸಾಕಷ್ಟು ಹತ್ತಿರದ ಉತ್ತರ ಸಿಕ್ಕಿತು. ಗಮನಿಸಬೇಕಾದ ಅಂಶವೆಂದರೆ ಆ ಚಿತ್ರಗಳನ್ನು ನೋಡಿ ತೂಕ ಅಂದಾಜು ಮಾಡಿದವರು ತರಬೇತಾದ ಮನುಷ್ಯರು. ಇಂದು ಅನೇಕ ಆ್ಯಪ್‌ಗಳಲ್ಲಿ ಆ ಜಾಗಕ್ಕೆ ಕೃತಕ ಬುದ್ಧಿಮತ್ತೆ ಬಂದಿದೆ. ತಟ್ಟೆಯಲ್ಲಿ ಬಾಳೆಹಣ್ಣು, ಮೊಟ್ಟೆ, ಬ್ರೆಡ್ಡು ಬೇರೆ ಬೇರೆಯಾಗಿ ಕಂಡರೆ ಅದು ಗುರುತಿಸುತ್ತದೆ. ಬಸ್ಸಾರಿನೊಳಗೆ ಎಷ್ಟು ಬೇಳೆ ಇದೆ ಎಂದು ಯಾವ ಕ್ಯಾಮೆರಾಗೂ ಕಾಣದು.

ನಮ್ಮ ಊಟದ ಸಮಸ್ಯೆ ಇದೇ. ಹೊರದೇಶದಲ್ಲಿ ಹುಟ್ಟಿದ ಆ್ಯಪ್‌ಗಳ ಆಹಾರಪಟ್ಟಿಯಲ್ಲಿ ನಮ್ಮ ತಿನಿಸುಗಳ ಹೆಸರನ್ನು ಬಳಕೆದಾರರೇ ಸೇರಿಸಿರುವುದು ಹೆಚ್ಚು. ಒಬ್ಬರ ಮುದ್ದೆ ಇನ್ನೊಬ್ಬರ ಮುದ್ದೆಯ ಎರಡರಷ್ಟಿರಬಹುದು. ಹಿಟ್ಟಿಗೆ ಹಿಡಿಯುವ ನೀರೂ ಮನೆಯಿಂದ ಮನೆಗೆ ಬೇರೆ. ಈ ಕೊರತೆ ತುಂಬಲು ದೇಶದೊಳಗೆ ಒಳ್ಳೆಯ ಕೆಲಸವೂ ಆಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಪಟ್ಟಿಯಲ್ಲಿ 528 ಆಹಾರಗಳ ವಿಶ್ಲೇಷಣೆಯಿದೆ. ಅದರ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ ಎಂಟು ಮಿಲಿಗ್ರಾಂ ಕೂಡ ಇಲ್ಲ. 2019ರಲ್ಲಿ ಅದೇ ಸಂಸ್ಥೆ ‘ನ್ಯೂಟ್ರಿಫೈ ಇಂಡಿಯಾ ನೌ’ ಎಂಬ ಆ್ಯಪ್ ಬಿಡುಗಡೆ ಮಾಡಿತು. 2012ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹೆಲ್ದಿಫೈಮಿ ಭಾರತೀಯ ತಿನಿಸುಗಳ ಪಟ್ಟಿಯ ಮೇಲೆಯೇ ಹೆಸರು ಮಾಡಿತು. ಆದರೂ ವಿಶ್ಲೇಷಣೆಯಾಗಿರುವುದು ಮುಖ್ಯವಾಗಿ ಬೇಯಿಸದ ಪದಾರ್ಥಗಳದ್ದು. ಪೊನ್ನಂಪೇಟೆಯ ಹಾಕಿ ಹುಡುಗ ತಿನ್ನುವ ಅಕ್ಕಿ ರೊಟ್ಟಿ, ಧಾರವಾಡದ ಕುಸ್ತಿಪಟುವಿನ ಜೋಳದ ರೊಟ್ಟಿ, ಮೂಡುಬಿದಿರೆಯ ಓಟಗಾರ್ತಿಯ ಕುಚಲಕ್ಕಿ ಗಂಜಿ ಇವೆಲ್ಲ ಒಂದೊಂದು ಅಡುಗೆಮನೆಯ ಕೈಯಳತೆಯಲ್ಲಿ ತಯಾರಾಗುತ್ತವೆ.

ವಸತಿ ನಿಲಯದ ಮಕ್ಕಳ ವಿಷಯದಲ್ಲಿ ಇದಕ್ಕೊಂದು ಸರಳ ದಾರಿ ಇದೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಡೆಸುವ ಕ್ರೀಡಾ ಹಾಸ್ಟೆಲ್‌ಗಳಲ್ಲಾಗಲಿ, ಕಾಲೇಜಿನ ಹಾಸ್ಟೆಲ್‌ಗಳಲ್ಲಾಗಲಿ ಎಲ್ಲರಿಗೂ ಒಂದೇ ಅಡುಗೆ. ದಿನವೂ ಉಗ್ರಾಣದಿಂದ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಎಣ್ಣೆ ಹೋಯಿತು ಎಂಬುದು ಪುಸ್ತಕಕ್ಕೆ ಏರುತ್ತದೆ. ಆ ಪುಸ್ತಕ ಯಾವ ಕೃತಕ ಬುದ್ಧಿಮತ್ತೆಗಿಂತಲೂ ಒಳ್ಳೆಯ ಮಾಪಕ. ಲೆಕ್ಕ ಮಾಡಿ ನೋಡಿ: ನೂರು ಮಕ್ಕಳ ಸಾರಿಗೆ ಮೂರು ಕಿಲೋ ತೊಗರಿಬೇಳೆ ಹಾಕಿದರೆ ತಲೆಗೆ ಮೂವತ್ತು ಗ್ರಾಂ, ಅದರಲ್ಲಿ ಪ್ರೋಟೀನ್ ಆರೂವರೆ ಗ್ರಾಂ. ಹದಿನೈದು ಬೇಕಿದ್ದಲ್ಲಿ ಅರ್ಧಕ್ಕಿಂತ ಕಡಿಮೆ. ಅನ್ನದಿಂದ ಬರುವ ಪ್ರೋಟೀನನ್ನು ಸೇರಿಸಿಕೊಂಡು, ಉಳಿದದ್ದಕ್ಕೆ ಮೊಳಕೆ ಹುರುಳಿಯೋ ಮೊಟ್ಟೆಯೋ ಮೊಸರೋ ಎಂದು ಯೋಚಿಸಬಹುದು. ಮೆಸ್ಸಿನ ಪುಸ್ತಕದ ಅಂಕಿಗಳನ್ನು ವಾರಕ್ಕೊಮ್ಮೆ ಒಳಗೆ ತೆಗೆದುಕೊಂಡು ‘ಇವತ್ತಿನ ನಿಮ್ಮ ತಟ್ಟೆಯಲ್ಲಿ ಸುಮಾರು ಇಷ್ಟಿದೆ’ ಎಂದು ಮಕ್ಕಳಿಗೆ ಕನ್ನಡದಲ್ಲಿ ತೋರಿಸುವ ಆ್ಯಪ್ ಇದ್ದರೆ, ಪ್ರತಿ ಮಗುವೂ ಪ್ರತಿ ತುತ್ತನ್ನೂ ಬರೆಯಬೇಕಾದ ಶ್ರಮ ಉಳಿಯುತ್ತದೆ.

ಆ ಶ್ರಮ ಉಳಿಯಬೇಕೆಂದು ನಾನು ಬಯಸುವುದಕ್ಕೆ ಇನ್ನೊಂದು ಗಂಭೀರ ಕಾರಣವಿದೆ.

ದೇಹಕ್ಕೆ ಎಷ್ಟು ಶಕ್ತಿ ಹೋಯಿತು ಎನ್ನುವುದಕ್ಕಿಂತ, ಅಭ್ಯಾಸದ ಖರ್ಚು ಕಳೆದ ಮೇಲೆ ಎಷ್ಟು ಉಳಿಯಿತು ಎನ್ನುವುದು ಮುಖ್ಯ. ಉಳಿದ ಶಕ್ತಿಯಿಂದಲೇ ಹೃದಯ ಬಡಿಯಬೇಕು, ಮೂಳೆ ಬೆಳೆಯಬೇಕು, ಹಾರ್ಮೋನುಗಳು ತಯಾರಾಗಬೇಕು. ಕೊಬ್ಬು ಬಿಟ್ಟು ಉಳಿದ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 45 ಕಿಲೋಕ್ಯಾಲೊರಿಯಷ್ಟು ಉಳಿದರೆ ಒಳ್ಳೆಯದು. ಅಮೆರಿಕದ ಆನ್ ಲೌಕ್ಸ್ ತಮ್ಮ ಪ್ರಯೋಗಗಳಲ್ಲಿ ಇದು 30ಕ್ಕಿಂತ ಕೆಳಗಿಳಿದಾಗ ಯುವತಿಯರ ಋತುಚಕ್ರವನ್ನು ನಡೆಸುವ ಹಾರ್ಮೋನಿನ ಲಯ ಐದೇ ದಿನಗಳಲ್ಲಿ ಕೆಡುವುದನ್ನು ತೋರಿಸಿದರು. 30 ಎನ್ನುವುದು ಎಲ್ಲರಿಗೂ ಒಂದೇ ಆಗಿ ಎಳೆದ ಗೆರೆಯಲ್ಲ. ಕೆಲವರಿಗೆ ಅದಕ್ಕೂ ಮೇಲೆಯೇ ತೊಂದರೆ ಶುರುವಾಗುತ್ತದೆ.

ನಮ್ಮ ಐವತ್ತು ಕಿಲೋದ ಹುಡುಗಿಯನ್ನೇ ತೆಗೆದುಕೊಳ್ಳೋಣ. ಕೊಬ್ಬು ಬಿಟ್ಟರೆ ಅವಳ ತೂಕ ನಲವತ್ತು ಕಿಲೋ ಎನ್ನೋಣ. ಎರಡು ಹೊತ್ತಿನ ಅಭ್ಯಾಸಕ್ಕೆ 600 ಕಿಲೋಕ್ಯಾಲೊರಿ ಖರ್ಚಾದರೆ, ದಿನಕ್ಕೆ 2,400 ತಿಂದಾಗ ಕಿಲೋಗೆ 45 ಉಳಿಯುತ್ತದೆ. 1,800 ತಿಂದರೆ ಉಳಿಯುವುದು 30. ಅವಳು ಸಾಮಾನ್ಯರಿಗಾಗಿ ಮಾಡಿದ ತೂಕ ಇಳಿಸುವ ಆ್ಯಪ್ ತೆರೆದು, ಅದು ಕೊಟ್ಟ 1,500ರ ಗುರಿಯನ್ನು ಶ್ರದ್ಧೆಯಿಂದ ಪಾಲಿಸಿದರೆ ಉಳಿಯುವುದು 22.5. ತೆರೆಯ ಮೇಲೆ ಹಸಿರು ಗುರುತು ಬರುತ್ತದೆ. ಮೈಯೊಳಗೆ ಮೂಳೆ ಸವೆಯುವ ಕೆಲಸ ಶುರುವಾಗಿರುತ್ತದೆ.

ವಯಸ್ಕರಾಗುವ ಹೊತ್ತಿಗೆ ನಮ್ಮಲ್ಲಿರುವ ಮೂಳೆಯ ಖನಿಜದಲ್ಲಿ ಸುಮಾರು ಕಾಲು ಭಾಗ ಸೇರುವುದು ಹದಿಹರೆಯದ ವೇಗದ ಬೆಳವಣಿಗೆಯ ಎರಡು ವರ್ಷಗಳಲ್ಲಿ. ಆ ವರ್ಷಗಳು ಕ್ರೀಡಾ ಹಾಸ್ಟೆಲಿನಲ್ಲಿ ಕಳೆಯುವ ವರ್ಷಗಳೇ. ಮುಟ್ಟು ನಿಂತದ್ದನ್ನು ‘ಕಠಿಣ ಅಭ್ಯಾಸದ ಗುರುತು’ ಎಂದು ಹಗುರವಾಗಿ ತೆಗೆದುಕೊಂಡವರಿಗೆ ವರ್ಷದ ಕೊನೆಗೆ ಕಾಲಿನ ಮೂಳೆಯಲ್ಲಿ ಸೀಳು ಕಾಣಿಸಿಕೊಳ್ಳಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಶಕ್ತಿ ಕೊರತೆಯ ತೊಂದರೆಗೆ ವಿಶಾಲವಾದ ವ್ಯಾಖ್ಯೆ ಕೊಟ್ಟು, ಹುಡುಗರಿಗೂ ಅದು ತಪ್ಪಿದ್ದಲ್ಲ ಎಂದು ಹೇಳಿತು. 2023ರಲ್ಲಿ ಅದನ್ನು ಪರಿಷ್ಕರಿಸಿತು. ಕುಸ್ತಿ, ಬಾಕ್ಸಿಂಗ್, ಜೂಡೊಗಳಲ್ಲಿ ತೂಕದ ವರ್ಗಕ್ಕಾಗಿ ಹೊಟ್ಟೆ ಕಟ್ಟುವ ಹುಡುಗರನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಕ್ಯಾಲೊರಿ ಎಣಿಕೆ ಮನಸ್ಸಿಗೂ ಅಂಟಿಕೊಳ್ಳುತ್ತದೆ. ತಿನ್ನುವ ತೊಂದರೆಗಳಿಗೆ ಚಿಕಿತ್ಸೆ ಪಡೆಯುತ್ತಿದ್ದವರನ್ನು ಅಮೆರಿಕದಲ್ಲಿ 2017ರ ಅಧ್ಯಯನವೊಂದು ಕೇಳಿದಾಗ, ನಾಲ್ವರಲ್ಲಿ ಸುಮಾರು ಮೂವರು ಒಂದು ಜನಪ್ರಿಯ ಕ್ಯಾಲೊರಿ ಆ್ಯಪ್ ಬಳಸಿದ್ದರು. ಹಾಗೆ ಬಳಸಿದವರಲ್ಲಿ ಶೇ. 73ರಷ್ಟು ಮಂದಿ ತಮ್ಮ ತೊಂದರೆ ಬೆಳೆಯಲು ಅದೂ ಕಾರಣವಾಯಿತು ಎಂದರು. ಅವರು ಈಗಾಗಲೇ ಕಾಯಿಲೆ ಬಿದ್ದವರು, ಹಾಗಾಗಿ ಆ್ಯಪ್ ಬಳಸಿದ ಎಲ್ಲರಿಗೂ ಹೀಗಾಗುತ್ತದೆ ಎಂದು ಅರ್ಥವಲ್ಲ. ಆದರೂ ಶಾಲೆಯ ಮಕ್ಕಳ ಕೈಗೆ ಕೊಡುವ ಆ್ಯಪ್‌ನಲ್ಲಿ ಕ್ಯಾಲೊರಿಯ ಅಂಕಿಯೇ ಕಾಣಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಕಿ ಪೋಷಣಾ ತಜ್ಞರ ಪರದೆಯಲ್ಲಿರಲಿ. ಮಗುವಿಗೆ ಕಾಣಬೇಕಾದದ್ದು ತಟ್ಟೆಯ ಚಿತ್ರ ಮತ್ತು ‘ಇದರ ಜೊತೆ ಒಂದು ಲೋಟ ಮಜ್ಜಿಗೆ, ಒಂದು ಹಿಡಿ ಕಡಲೆ ಇದ್ದರೆ ಸಂಜೆಯ ಓಟಕ್ಕೆ ಒಳ್ಳೆಯದು’ ಎಂಬಂಥ ಮಾತು. ತಿಂದದ್ದು ಹೆಚ್ಚಾಯಿತು ಎಂದು ಕೆಂಪು ಬಣ್ಣ ತೋರಿಸುವ ಆ್ಯಪ್ ಬೆಳೆಯುವ ಮಕ್ಕಳಿಗೆ ಬೇಡವೇ ಬೇಡ.

ಹುಡುಗಿಯರ ವಿಷಯದಲ್ಲಿ ಆ್ಯಪ್ ಒಂದು ಪ್ರಶ್ನೆಯನ್ನು ಶಿಕ್ಷಕರಿಗಿಂತ ಸುಲಭವಾಗಿ ಕೇಳಬಲ್ಲದು: ಮುಟ್ಟು ಸರಿಯಾಗಿ ಆಗುತ್ತಿದೆಯೇ? ಪುರುಷ ಕೋಚ್ ಎದುರು ಈ ಮಾತು ಬರುವುದೇ ಇಲ್ಲ. ಉತ್ತರ ಹೋಗಬೇಕಾದದ್ದು ವೈದ್ಯೆಗೆ ಅಥವಾ ಪೋಷಣಾ ತಜ್ಞೆಗೆ ಮಾತ್ರ; ತಂಡದ ಆಯ್ಕೆ ಮಾಡುವವರಿಗೆ ಯಾವ ಕಾರಣಕ್ಕೂ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ತಡೆಯುತ್ತದೆ. ಶಾಲೆಗಳು ಯಾವುದೋ ಉಚಿತ ಆ್ಯಪ್ ಹಾಕಿಸುವ ಮೊದಲು ಇದನ್ನು ನೋಡಲೇಬೇಕು.

ರಕ್ತಹೀನತೆಯೂ ಇಲ್ಲಿಗೇ ಸೇರಿದ ವಿಷಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇ. 59.1ರಷ್ಟು ಮಂದಿಗೆ ರಕ್ತಹೀನತೆ. ಓಡುವ ಹುಡುಗಿಗೆ ಇದರ ಅರ್ಥ ಸ್ನಾಯುವಿಗೆ ತಲುಪುವ ಆಮ್ಲಜನಕ ಕಡಿಮೆ. ಜೊತೆಗೆ, ಕಠಿಣ ವ್ಯಾಯಾಮವಾದ ಮೂರರಿಂದ ಆರು ಗಂಟೆಯ ಹೊತ್ತಿಗೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಕರುಳಿನಿಂದ ಕಬ್ಬಿಣ ಒಳಹೋಗುವುದನ್ನು ತಡೆಯುತ್ತದೆ. ಅದು ಏರುವ ಮೊದಲೇ, ಬೆಳಗಿನ ಅಭ್ಯಾಸ ಮುಗಿದ ಕೂಡಲೇ ತಿಂದ ಹುರುಳಿ ಉಸುಳಿಗೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣ ಹೆಚ್ಚು ದಕ್ಕುತ್ತದೆ. ಅದರ ಜೊತೆಗೇ ಟೀ, ಕಾಫಿ ಕುಡಿದರೆ ಕಡಿಮೆಯಾಗುತ್ತದೆ. ಮೂರು ದಿನಕ್ಕೊಂದು ಪ್ರಶ್ನೆ ಎಂದೆನಲ್ಲ, ಅಲ್ಲಿ ಮೊದಲು ಬರಬೇಕಾದ ಪ್ರಶ್ನೆ ತಿಂಡಿಯ ಜೊತೆಯ ಟೀ ಬಗ್ಗೆ ಇರಲಿ.

ಪೌಡರ್ ಡಬ್ಬಿಗಳ ಬಗ್ಗೆ ಒಂದು ಮಾತು. ಜಿಮ್ಮಿನ ಗೆಳೆಯ, ಫೋನಿನ ವಿಡಿಯೊ, ಅಂಗಡಿಯವನು ಮೂವರೂ ಹುಡುಗರಿಗೆ ಇವನ್ನೇ ಕೊಳ್ಳಲು ಹೇಳುತ್ತಾರೆ. ಜರ್ಮನಿಯ ಕಲೋನ್ ನಗರದ ಪ್ರಯೋಗಾಲಯ 13 ದೇಶಗಳಲ್ಲಿ ಕೊಂಡ 634 ಪೂರಕಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಶೇ. 14.8ರಷ್ಟು ಡಬ್ಬಿಗಳೊಳಗೆ ಲೇಬಲ್ಲಿನಲ್ಲಿ ಹೇಳದ, ಹಾರ್ಮೋನು ಜಾತಿಯ ನಿಷಿದ್ಧ ಪದಾರ್ಥಗಳಿದ್ದವು. ಉದ್ದೀಪನ ಮದ್ದಿನ ನಿಯಮದಲ್ಲಿ ‘ಗೊತ್ತಿರಲಿಲ್ಲ’ ಎಂದರೆ ಮುಗಿಯುವುದಿಲ್ಲ. ಮೈಯಲ್ಲಿ ಏನು ಸಿಕ್ಕಿತೋ ಅದಕ್ಕೆ ಕ್ರೀಡಾಪಟುವೇ ಹೊಣೆ. ಔಷಧಿಯ ಹೆಸರು ಹಾಕಿ ಅದು ನಿಷಿದ್ಧವೇ ಎಂದು ನೋಡಲು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ನಾಡಾ, ಒಂದು ಆ್ಯಪ್ ತಂದಿದೆ. ಕೆಮ್ಮಿನ ಸಿರಪ್ ಕುಡಿಯುವ ಮೊದಲೂ ಅದನ್ನು ತೆರೆಯುವ ಅಭ್ಯಾಸ ಶಾಲೆಯಲ್ಲೇ ಬೆಳೆಯಬೇಕು. ಪೋಷಣೆಯ ಪಾಠ ಹೇಳುತ್ತ ಪಕ್ಕದಲ್ಲೇ ಪೌಡರ್ ಮಾರುವ ಆ್ಯಪ್ ಶಾಲೆಯ ಒಳಗೆ ಬರಬಾರದು.

ಇಷ್ಟೆಲ್ಲ ಹೇಳಿದ ಮೇಲೂ ದೊಡ್ಡ ಪ್ರಶ್ನೆ ಉಳಿಯುತ್ತದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡಿನಲ್ಲಿ ಗುರಿ ಮುಟ್ಟಿ, ಸೆಕೆಂಡಿನ ನೂರರಲ್ಲೊಂದು ಭಾಗದಿಂದ ಕಂಚು ಕಳೆದುಕೊಂಡರು. ಕ್ರೀಡಾಗ್ರಾಮದಲ್ಲಿ ತಮಗೆ ಒಗ್ಗುವ ಊಟ ಸಿಗದೆ ಉಪ್ಪಿನಕಾಯಿಯ ಜೊತೆ ಗಂಜಿ ಕುಡಿದುಕೊಂಡಿದ್ದೆ, ಕೊನೆಯ 35 ಮೀಟರುಗಳಲ್ಲಿ ಅದರ ಪರಿಣಾಮ ಕಾಣಿಸಿತು ಎಂದು ಅವರು ಎಷ್ಟೋ ವರ್ಷಗಳ ನಂತರ ಹೇಳಿಕೊಂಡಿದ್ದಾರೆ. ಅವರ ಕೈಯಲ್ಲಿ ಆಗ ಜಗತ್ತಿನ ಅತ್ಯುತ್ತಮ ಆ್ಯಪ್ ಇದ್ದಿದ್ದರೂ ತಟ್ಟೆಯಲ್ಲಿ ಗಂಜಿಯೇ ಇರುತ್ತಿತ್ತು. ತಟ್ಟೆಗೆ ಏನು ಬೀಳಬೇಕೆಂದು ತೀರ್ಮಾನಿಸುವವರು ಬೇರೆ ಇರುವಾಗ ತಿನ್ನುವವರಿಗೆ ಮಾತ್ರ ಪಾಠ ಹೇಳುವುದು ಅನ್ಯಾಯವೂ ಹೌದು. ಹದಿನಾಲ್ಕರ ಹುಡುಗಿ ಮೆಸ್ಸಿನ ಮೆನು ಬದಲಿಸಲಾರಳು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ರೂಢಿ ಇರುವಲ್ಲಿ ತನಗೊಂದು ಮೊಟ್ಟೆ ಹೆಚ್ಚು ಬೇಕೆಂದು ಕೇಳುವುದೂ ಅವಳಿಗೆ ಕಷ್ಟ.

ಆದ್ದರಿಂದ ಫೋನಿನಿಂದ ಕಲಿಯಬೇಕಾದವರ ಪಟ್ಟಿಯಲ್ಲಿ ಕ್ರೀಡಾಪಟುವಿನ ಹೆಸರು ಒಂದೇ ಇದ್ದರೆ ಸಾಲದು. ವಾರ್ಡನ್, ಅಡುಗೆಯ ಮುಖ್ಯಸ್ಥರು, ದೈಹಿಕ ಶಿಕ್ಷಕರು, ತಾಯಿ, ತಂದೆ ಎಲ್ಲರಿಗೂ ಅವರವರ ಕೆಲಸಕ್ಕೆ ತಕ್ಕ ಸಂದೇಶ ಹೋಗಬೇಕು. ಅಡುಗೆಯವರಿಗೆ ಹೆಪ್ಸಿಡಿನ್ ವಿಷಯ ಬೇಡ. ‘ನಾಳೆ ಅಭ್ಯಾಸ ಐದೂವರೆಗೆ ಶುರು, ಏಳೂವರೆಗೆ ಉಸುಳಿ ಸಿದ್ಧವಿರಲಿ’ ಎಂಬಷ್ಟು ಸಾಕು. ತಾಯಿಗೆ ಹೋಗುವ ಸಂದೇಶ ಬರಹಕ್ಕಿಂತ ಧ್ವನಿಯಲ್ಲಿದ್ದರೆ ಒಳ್ಳೆಯದು. ಫೋನ್ ಇಲ್ಲದ, ಅಥವಾ ಫೋನನ್ನು ವಾರ್ಡನ್ ಬಳಿ ಇಡಬೇಕಾದ ಮಕ್ಕಳೂ ಇದ್ದಾರೆ. ಅಲ್ಲಿ ಒಂದೇ ಫೋನು, ಕೋಚ್ ಕೈಯಲ್ಲಿ. ಮೈದಾನದ ಅಂಚಿನಲ್ಲಿ ಕೂರಿಸಿ ದಿನದ ಪ್ರಶ್ನೆಯನ್ನು ಓದಿದರೆ ಮಕ್ಕಳು ಒಬ್ಬರಿಗೊಬ್ಬರು ಉತ್ತರ ಹೇಳುತ್ತಾರೆ. ಮೊದಲ ಸಾಲುಗಳಲ್ಲಿ ಹೇಳಿದ ಫಿನ್ಲೆಂಡಿನ ಯುವ ಕ್ರೀಡಾಪಟುಗಳು ಎದುರು ಕೂತ ತರಗತಿಯಿಂದಲೇ ಅಷ್ಟು ಕಲಿತಿದ್ದರು ಎಂಬುದನ್ನು ಮರೆಯದಿರೋಣ.

ಹೊಸ ಆ್ಯಪ್ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಸಾಮಾನ್ಯ ವಾಟ್ಸ್ಆ್ಯಪ್ ಗುಂಪು ಸಾಕು. ವಾರದಲ್ಲಿ ಎರಡು ದಿನ ಮಕ್ಕಳು ತಮ್ಮ ತಟ್ಟೆಯ ಚಿತ್ರವನ್ನು ಪೋಷಣಾ ತಜ್ಞರಿಗೆ ಖಾಸಗಿಯಾಗಿ ಕಳಿಸಲಿ. ಗುಂಪಿನಲ್ಲಿ ಹಾಕಿದರೆ ಹೋಲಿಕೆ, ನಾಚಿಕೆ ಶುರುವಾಗುತ್ತದೆ. ಗುಂಪಿನಲ್ಲಿ ಬರಬೇಕಾದದ್ದು ಆ ವಾರದ ಒಂದು ಬದಲಾವಣೆ ಮಾತ್ರ, ಮೆಸ್ಸಿನ ಮೇಲ್ವಿಚಾರಕರೂ ಓದುವ ಹಾಗೆ. ಮೂರು ತಿಂಗಳ ನಂತರ ಇದು ಫಲಿಸಿತೇ ಎಂದು ನೋಡಲು ಪ್ರಶ್ನೆಪತ್ರಿಕೆ ಬೇಡ. ಬೆಳಗಿನ ತಿಂಡಿ ಒಂಬತ್ತರಿಂದ ಎಂಟರೊಳಗೆ ಬಂದಿದೆಯೇ, ನೂರು ಮಕ್ಕಳ ಬೇಳೆ ಮೂರು ಕಿಲೋದಿಂದ ಐದಕ್ಕೆ ಏರಿದೆಯೇ, ಹಿಮೋಗ್ಲೋಬಿನ್ ಪರೀಕ್ಷೆಯಲ್ಲಿ ಎಷ್ಟು ಹುಡುಗಿಯರು 12 ಗ್ರಾಂ ದಾಟಿದ್ದಾರೆ, ಆ ಋತುವಿನಲ್ಲಿ ಮೂಳೆ ಸೀಳಿ ಕೂತವರು ಎಷ್ಟು ಮಂದಿ ಎಂದು ಎಣಿಸಿದರೆ ಗೊತ್ತಾಗುತ್ತದೆ.